ಹೊರಡುವಾಗ ‘ಬಂದೆ’ನೆಂದ ಕಾವಲುಗಾರ

ಗಣಕಯಂತ್ರದ ಪ್ರೋಗ್ರಾಮೆಂದರೆ ಅನೇಕ ಕೋಣೆಗಳುಳ್ಳ ಹಳೆಯ ತೊಟ್ಟಿಮನೆಯಿದ್ದಂತೆ. ಈ ಕೋಣೆಗಳಿಗೆ ಫಂಕ್ಷನ್ ಎಂದು ಹೆಸರು. ಕೆಲಸವು ಒಂದನ್ನು ಹೊಕ್ಕು, ಅದರೊಳಗಿಂದ ಇನ್ನೊಂದನ್ನು ಹೊಕ್ಕು, ಹೊಕ್ಕ ದಾರಿಯಲ್ಲೇ ಹಿಂದಿರುಗುತ್ತದೆ. ನಡುವೆ ಎಲ್ಲಿ ತಡೆಯಿತೆಂದು ತಿಳಿಯಬೇಕಾದರೆ ಪ್ರತಿ ಬಾಗಿಲಿಗೂ ಒಬ್ಬ ಕಾವಲುಗಾರನನ್ನಿಟ್ಟು ‘ಪ್ರವೇಶ’, ‘ನಿರ್ಗಮನ’ಗಳನ್ನು ಬರೆಯಿಸುವುದೇ ಉಪಾಯ. ಇವನ ಹೆಸರು ಟ್ರೇಸ್.

ಗೂಗಲ್ ಸಂಸ್ಥೆಯಲ್ಲಿ ರಾಬರ್ಟ್ ಗ್ರೀಸ್ಮರ್, ರಾಬ್ ಪೈಕ್, ಕೆನ್ ಥಾಂಪ್ಸನ್ ಎಂಬ ಮೂವರು ರೂಪಿಸಿ, 2009ರಲ್ಲಿ ಲೋಕಕ್ಕೆ ಪ್ರಕಟವಾದ ‘ಗೋ’ ಭಾಷೆಯಲ್ಲಿ ಇದಕ್ಕೊಂದು ಸೊಗಸಾದ ಅನುಕೂಲವುಂಟು. ಅದೇ ‘ಡಿಫರ್’ ಎಂಬ ಪದ. ‘ಈಗ ಬೇಡ, ಈ ಕೋಣೆಯಿಂದ ಹೊರಡುವಾಗ ಮಾಡು’ ಎಂಬುದು ಅದರ ತಾತ್ಪರ್ಯ. ಹೀಗೆ ಹಲವು ಕೆಲಸಗಳನ್ನು ಮುಂದಕ್ಕೆ ಹಾಕಿದ್ದರೆ, ಕಡೆಯಲ್ಲಿ ಹೇಳಿದ್ದು ಮೊದಲು ನಡೆಯುತ್ತದೆ. ಅದು ಸಹಜವೇ. ಬೀರುವನ್ನು ತೆರೆದು, ಅದರೊಳಗಿನ ಒಡವೆಪೆಟ್ಟಿಗೆಯನ್ನು ತೆರೆದ ಗೃಹಿಣಿ ಮೊದಲು ಪೆಟ್ಟಿಗೆಯನ್ನು ಮುಚ್ಚಿ ಆಮೇಲಲ್ಲವೆ ಬೀರುವಿಗೆ ಬೀಗ ಹಾಕುವುದು?

ಆದರೆ ಹೊಸಬರು ಎಡವುವುದು ಈ ಕ್ರಮದಲ್ಲಲ್ಲ, ಕಾವಲುಗಾರನಲ್ಲಿ. ಟ್ರೇಸ್ ತನ್ನನ್ನು ಕರೆದೊಡನೆ ‘ಪ್ರವೇಶ’ವೆಂದು ಬರೆದು, ‘ನಿರ್ಗಮನ’ವೆಂದು ಬರೆಯಬಲ್ಲ ಇನ್ನೊಬ್ಬನನ್ನು ಕೈಗೆ ಒಪ್ಪಿಸುತ್ತಾನೆನ್ನೋಣ. ಆಗ ‘ಡಿಫರ್ ಟ್ರೇಸ್’ ಎಂಬುದರ ಮುಂದೆ ಎರಡು ಜೊತೆ ಕಂಸಗಳು ಬೇಕು. ಮೊದಲನೆಯ ಜೊತೆ ಟ್ರೇಸ್‌ನನ್ನು ತಕ್ಷಣ ಕರೆಯುತ್ತದೆ. ಎರಡನೆಯದು, ಅವನು ಒಪ್ಪಿಸಿದವನನ್ನು ಕರೆಯುವುದನ್ನು ಮಾತ್ರ ಮುಂದಕ್ಕೆ ಹಾಕುತ್ತದೆ. ಈ ಎರಡನೆಯ ಜೊತೆ, ಒಳಗೆ ಏನೂ ಇಲ್ಲದ ಬರಿಯ ಕಂಸ, ಮರೆತುಹೋದರೆ ಟ್ರೇಸ್‌ನ ಕರೆಯೇ ಮುಂದಕ್ಕೆ ಬೀಳುತ್ತದೆ. ಕೆಲಸವೆಲ್ಲ ಮುಗಿದು ಹೊರಡುವ ಹೊತ್ತಿಗೆ ಅವನು ಗಂಭೀರವಾಗಿ ‘ಪ್ರವೇಶ’ವೆಂದು ಬರೆಯುತ್ತಾನೆ, ‘ನಿರ್ಗಮನ’ ಬರುವುದೇ ಇಲ್ಲ. ಕಂಪೈಲರ್ ಚಕಾರವೆತ್ತದು. ಪುಸ್ತಕವನ್ನು ನಂಬಿದವನು ರಾತ್ರಿಯೆಲ್ಲ ತಪ್ಪು ಕೋಣೆಯಲ್ಲಿ ಹುಡುಕುತ್ತಿರುತ್ತಾನೆ.

ಕಾಲವನ್ನಳೆಯುವವರಿಗೂ ಇಂಥದೇ ಗುಂಡಿ ಕಾದಿದೆ. ಮುಂದಕ್ಕೆ ಹಾಕಿದ ಕರೆಯ ಕಂಸದೊಳಗಿನ ಲೆಕ್ಕ ಆಗಿಂದಾಗಲೇ ನಡೆದುಬಿಡುವುದರಿಂದ, ಗಂಟೆಗಟ್ಟಲೆ ನಡೆದ ಕೆಲಸಕ್ಕೂ ಹಿಡಿದ ಸಮಯ ಸೊನ್ನೆಯೆಂಬಂತೆ ಅಚ್ಚಾಗುತ್ತದೆ. ಇದನ್ನು ಗುರುತಿಸುವ ಎಚ್ಚರಿಕೆ ಗೋ ಭಾಷೆಯ ತಪಾಸಣಾ ಸಾಧನಕ್ಕೆ ಸೇರಿದ್ದು 2024ರಲ್ಲಿ.

‘ಪ್ಯಾನಿಕ್’ ಎಂಬ ಆಕಸ್ಮಿಕ ಸಂಕಟ ಬಂದಾಗಲೂ ಡಿಫರ್ ಮಾಡಿದ ಕೆಲಸ ತಪ್ಪದು. ‘ಓಎಸ್ ಎಕ್ಸಿಟ್’ ಎಂಬ ಆಜ್ಞೆಯಾದರೋ ಕಾವಲುಗಾರನಿಗೆ ಲೇಖನಿ ಎತ್ತಲೂ ಬಿಡುವು ಕೊಡದೆ ಮನೆಯನ್ನೇ ಮುಚ್ಚಿಬಿಡುತ್ತದೆ. ‘ನಿರ್ಗಮನ’ ಕಾಣದಿದ್ದಾಗ ಮೊದಲು ಕಂಸಗಳನ್ನು ಎಣಿಸಿ, ಬಳಿಕ ಈ ಆಜ್ಞೆ ಎಲ್ಲಾದರೂ ಅಡಗಿದೆಯೇ ಎಂದು ನೋಡತಕ್ಕದ್ದು.