ಹೊಸ ಗಣಕ, ಹಳೆಯ ಕಡತ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಹಳೆಯ ಯಂತ್ರಗಳಲ್ಲಿ ಹಲವು ವಿಂಡೋಸ್ 11ನ್ನು ಒಲ್ಲವು. ಹೀಗಾಗಿ ಮುನಿರ್ಕಾದ ನಮ್ಮ ಮನೆಗಳಿಗೂ ನೆಹರೂ ಪ್ಲೇಸಿನಿಂದ ಬಿಡಿಭಾಗಗಳನ್ನು ತಂದು ಜೋಡಿಸಿದ ಹೊಸ ಗಣಕಗಳು ಬರುತ್ತಿವೆ. ಜೋಡಿಸುವ ಹುಡುಗ ಪೆನ್‌ಡ್ರೈವ್ ಸಿಕ್ಕಿಸಿ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸುತ್ತಾನೆ. ಯಜಮಾನರು ಚಹಾ ತರಲು ಒಳಗೆ ಹೋಗಿರುತ್ತಾರೆ. ಪರದೆಯ ಪ್ರಶ್ನೆಗಳಿಗೆಲ್ಲ ಹುಡುಗನೇ ಉತ್ತರಿಸಿಬಿಡುತ್ತಾನೆ. ಆ ಅರ್ಧ ಗಂಟೆ ಹೊರನಾಡ ಕನ್ನಡಿಗರು ಅಲ್ಲಿ ಕುಳಿತಿರಬೇಕೆಂಬುದು ನನ್ನ ವಾದ.

ಕಾರಣ, ಹಳೆಯ ಹಾರ್ಡ್ ಡಿಸ್ಕನ್ನೇ ಹೊಸ ಯಂತ್ರಕ್ಕೆ ಹಾಕುವುದು ನಮ್ಮಲ್ಲಿ ವಾಡಿಕೆ. ಯಾವ ವಿಭಾಗದಲ್ಲಿ ಅಳವಡಿಸಬೇಕೆಂದು ಕೇಳಿದಾಗ ಹುಡುಗ ಎಲ್ಲವನ್ನೂ ಅಳಿಸಿದರೆ, ಸಂಘದ ಹಳೆಯ ಸಂಚಿಕೆಗಳು, ನಾಟಕದ ಪ್ರತಿಗಳು, ಸದಸ್ಯರ ಪಟ್ಟಿ ಎಲ್ಲವೂ ಹೋದಂತೆಯೇ. ಅವು ಉಳಿದರೂ ಕಷ್ಟ ತಪ್ಪದು. 1998ರಲ್ಲಿ ಬಂದ ಬರಹ, ಬಳಿಕ ಕನ್ನಡ ಗಣಕ ಪರಿಷತ್ತಿನ ನುಡಿ, ಇವುಗಳ ಆರಂಭದ ಅಕ್ಷರವಿನ್ಯಾಸಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಹೊಸ ಗಣಕದಲ್ಲಿ ಕನ್ನಡದ ಪುಟ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಂತೆಯಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಹಾಗಿಲ್ಲ: 'ಕ'ಕ್ಕೆ 3221 ಎಂಬ ಅದರದೇ ಸಂಖ್ಯೆಯಿದೆ, ಯಾವ ಯಂತ್ರಕ್ಕೆ ಹೋದರೂ ಅದು 'ಕ'ವೇ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ.

ಇನ್ನು ಕೀಲಿಮಣೆ. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಹಿಂದಿಗಾಗಿ ಇನ್‌ಸ್ಕ್ರಿಪ್ಟ್ ಕಲಿತವರು ನಮ್ಮಲ್ಲಿ ಅನೇಕರು. 1991ರ ಭಾರತೀಯ ಮಾನಕದಲ್ಲಿ ಸೇರಿದ ಈ ವಿನ್ಯಾಸದಲ್ಲಿ ಹಿಂದಿಯ 'ಕ' ಇರುವ ಕೀಲಿಯಲ್ಲೇ ಕನ್ನಡದ 'ಕ' ಇದೆ. ರಾಜಭಾಷೆಗೆಂದು ಪಳಗಿದ ಬೆರಳು ತಾಯ್ನುಡಿಗೂ ಒದಗುತ್ತದೆಂಬುದನ್ನು ನಮ್ಮ ಸಹೋದ್ಯೋಗಿಗಳು ಅದೇಕೋ ಗಮನಿಸಿಲ್ಲ! ವಿಂಡೋಸಿನಲ್ಲಿ ಕನ್ನಡವನ್ನು ಅನಂತರವೂ ಸೇರಿಸಿಕೊಳ್ಳಬಹುದು. ಡೆಬಿಯನ್ ಲಿನಕ್ಸಂತೂ 2011ರ ಆವೃತ್ತಿಯಿಂದ ಅಳವಡಿಕೆಯ ಹಂತದಲ್ಲೇ ಕನ್ನಡವನ್ನು ಆಯ್ದುಕೊಳ್ಳಗೊಡುತ್ತದೆ.

ಪರದೆಯ ಕನ್ನಡ ಕೃತಕ, ಓದಿದರೆ ನಗು ಬರುತ್ತದೆ ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಆದರೆ ಬಳಸದೆ ನಕ್ಕವರಿಂದ ಯಾವ ಅನುವಾದವೂ ತಿದ್ದಿಕೊಂಡಿಲ್ಲ. ದೆಹಲಿಯಲ್ಲೇ ಹುಟ್ಟಿದ ಮಕ್ಕಳಿಗೆ ಶಾಲೆಯಲ್ಲಿ ಕನ್ನಡದ ಅಕ್ಷರ ಸಿಗುವುದು ವಿರಳ. ಮನೆಯ ಗಣಕದಲ್ಲೂ ಕಾಣದಿದ್ದರೆ ಅವರು ಅದನ್ನು ಎಲ್ಲಿ ಕಂಡಾರು?

ಪ್ರತಿಯೊಂದು ಸಂಘವೂ ಒಂದು ಭಾನುವಾರ ಸದಸ್ಯರ ಹಳೆಯ ಡಿಸ್ಕುಗಳನ್ನು ತರಿಸಿಕೊಂಡು, ಬಲ್ಲ ತರುಣರಿಂದ ಪರಿವರ್ತನೆ ಮಾಡಿಸಲಿ. ಮೊದಲ ಪಾಳಿ ಸ್ಮರಣ ಸಂಚಿಕೆಗಳದಾಗಲಿ. ಅವುಗಳ ಮುದ್ರಿತ ಪ್ರತಿಗಳು ಈಗಾಗಲೇ ವಿರಳವಾಗಿವೆ.