ಅಳಿಸಲಾಗದ ಲೆಕ್ಕವೂ ತಿದ್ದಬೇಕಾದ ಪಹಣಿಯೂ

ಕಳೆದ ಬೇಸಗೆಯ ರಜೆಯಲ್ಲಿ ಕಾಪುವಿನ ದೀಪಸ್ತಂಭದ ಬಳಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಭೇಟಿಯಾದನು. ಮಣಿಪಾಲದಲ್ಲಿ ಗಣಕಯಂತ್ರಗಳಿಗೆ ತಂತ್ರಾಂಶ ರಚಿಸುವುದು ಅವನ ಉದ್ಯೋಗ. ಕುಶಲಪ್ರಶ್ನೆ ಮುಗಿದೊಡನೆ, "ಮಾಷ್ಟ್ರೇ, ಇನ್ನು ಹತ್ತು ವರ್ಷ ಹೋಗಲಿ, ಜಾಗದ ದಾಖಲೆಯೆಲ್ಲ ಬ್ಲಾಕ್‌ಚೈನ್‌ಗೆ ಬರುತ್ತದೆ. ಒಮ್ಮೆ ಬರೆದದ್ದನ್ನು ಮುಖ್ಯಮಂತ್ರಿಗಳಿಗೂ ಅಳಿಸಲಿಕ್ಕೆ ಆಗುವುದಿಲ್ಲ" ಎಂದನು. ಅವನ ಕೊನೆಯ ವಾಕ್ಯವು ನನಗೆ ಏಕಕಾಲದಲ್ಲಿ ಹರ್ಷವನ್ನೂ ಭೀತಿಯನ್ನೂ ಉಂಟುಮಾಡಿತು. ಅದರ ಕಾರಣವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಈ ಪದವನ್ನು 'ಖಂಡಶೃಂಖಲೆ' ಎಂದು ಸಂಸ್ಕೃತೀಕರಿಸಬಹುದಾಗಿತ್ತು. ಆದರೆ ಜನರ ಬಾಯಲ್ಲಿ ನಿಂತದ್ದು ಬ್ಲಾಕ್‌ಚೈನ್, ಅದೇ ಇರಲಿ. ಶೃಂಖಲೆಯೆಂದರೆ ಸರಪಳಿಯೂ ಹೌದು, ಸಂಕೋಲೆಯೂ ಹೌದು ಎಂಬುದನ್ನು ಮಾತ್ರ ನೆನಪಿನಲ್ಲಿಡೋಣ. ಅದರ ಸ್ವರೂಪವು ಒಂದು ಲೆಕ್ಕದ ಪುಸ್ತಕದಂತೆ. ಪ್ರತಿಯೊಂದು ಪುಟದಲ್ಲಿಯೂ ಹಿಂದಿನ ಪುಟದ ಅಕ್ಷರ ಅಕ್ಷರವನ್ನೂ ಗಣಿಸಿ ತೆಗೆದ ಒಂದು ಮುದ್ರೆ ಇರುತ್ತದೆ. ಹಳೆಯ ಪುಟದಲ್ಲಿ ಒಂದು ಕೊಂಬು ಬದಲಾದರೂ ಮುದ್ರೆ ತಾಳೆಯಾಗದು. ಮೇಲಾಗಿ ಈ ಪುಸ್ತಕದ ಪ್ರತಿಗಳು ಒಂದೇ ಪೆಟ್ಟಿಗೆಯಲ್ಲಿರದೆ ಅನೇಕ ಗಣಕಯಂತ್ರಗಳಲ್ಲಿ ಹರಡಿರುತ್ತವೆ. ಒಬ್ಬನು ತಿದ್ದಿದರೆ ಉಳಿದವರ ಪ್ರತಿಗಳು ಅವನನ್ನು ಸುಳ್ಳುಗಾರನೆಂದು ಸಾರುತ್ತವೆ. 2008ರಲ್ಲಿ ಸತೋಶಿ ನಕಮೊಟೊ ಎಂಬ ಹೆಸರಿನಿಂದ ಪ್ರಕಟವಾದ ಲೇಖನವೊಂದು ಈ ಉಪಾಯದಿಂದಲೇ ಬಿಟ್‌ಕಾಯಿನ್ ಎಂಬ ನಾಣ್ಯವನ್ನು ಕಲ್ಪಿಸಿತು. ಮರುವರ್ಷ ಅದು ಚಲಾವಣೆಗೆ ಬಂದಿತು. ಬ್ಯಾಂಕೂ ಸರ್ಕಾರವೂ ನಡುವೆ ನಿಲ್ಲದೆ ಮನುಷ್ಯನು ಮನುಷ್ಯನೊಡನೆ ವ್ಯವಹರಿಸಬಲ್ಲನೆಂಬುದೇ ಅದರ ಪ್ರತಿಜ್ಞೆ.

ಅಧಿಕಾರಸ್ಥನಿಗೂ ಅಳಿಸಲಾಗದಂತೆ ಬರೆಯಬೇಕೆಂಬ ಆಸೆ ನಮ್ಮ ನಾಡಿಗೆ ಹೊಸದಲ್ಲ. ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನು ಆ ಸಂಗತಿಯನ್ನು ಕಲ್ಲಿನಲ್ಲಿ ಕೆತ್ತಿಸಿದನು. ಬಾರಕೂರಿನಲ್ಲಿ ಇಂದಿಗೂ ನಿಂತಿರುವ ಶಾಸನಶಿಲೆಗಳನ್ನು ನೋಡಿದವರಿಗೆ, ದಾನವನ್ನು ಊರವರ ಕಣ್ಣೆದುರಿಗೆ ಕಲ್ಲಿನಲ್ಲಿ ಬರೆಸುವುದರ ಅರ್ಥವನ್ನು ಹೇಳಬೇಕಾಗಿಲ್ಲ. ಆದರೆ ಲೋಹದ ಮೇಲೆ ಬರೆದುದೆಲ್ಲ ಸತ್ಯವಾಯಿತೆ? ಗಂಗರ ಹೆಸರಿನ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದ್ದುಂಟು. ತಾಮ್ರವು ಅಕ್ಷರವನ್ನು ಕಾಯುತ್ತದೆ. ಬರೆಯುವ ಮುನ್ನ ಅದು ಸತ್ಯವೋ ಅಸತ್ಯವೋ ಎಂದು ಕೇಳುವುದಿಲ್ಲ.

ಪ್ರತಿಯನ್ನು ಹಂಚಿಡುವ ಉಪಾಯವೂ ಉಡುಪಿಯವರಿಗೆ ಪರಿಚಿತವೇ. 1925ರಲ್ಲಿ ಇಲ್ಲಿ ಹುಟ್ಟಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿಯೇ ಪಿಗ್ಮಿ ಯೋಜನೆಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯನ್ನಾದರೂ ಮನೆಬಾಗಿಲಿಗೆ ಬಂದು ಸಂಗ್ರಹಿಸುವ ಕ್ರಮವದು. ನನ್ನ ತಾಯಿ ಪಿಗ್ಮಿ ಪುಸ್ತಕವನ್ನು ಅಕ್ಕಿಯ ಡಬ್ಬಿಯ ಹಿಂದೆ ಇಡುತ್ತಿದ್ದಳು. ಆಕೆಗೆ ಓದು ಬಾರದು. ಆದರೂ ತನ್ನ ಕೈಯಲ್ಲೊಂದು ಲೆಕ್ಕವಿದೆಯೆಂಬ ಧೈರ್ಯವಿತ್ತು.

ಸರ್ಕಾರದ ವಿಷಯಕ್ಕೆ ಬಂದರೆ ಈ ಕೈಯ ಪ್ರಶ್ನೆಯೇ ಮುಖ್ಯ. ಕರ್ನಾಟಕದ 'ಭೂಮಿ' ಯೋಜನೆಯು ಈ ಶತಮಾನದ ಆರಂಭದಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಕೈಬರಹದ ಪಹಣಿಗಾಗಿ ಗ್ರಾಮಲೆಕ್ಕಿಗರ ಬೆನ್ನುಹತ್ತುತ್ತಿದ್ದ ರೈತನು ಹದಿನೈದು ರೂಪಾಯಿ ಕೊಟ್ಟು ಅಚ್ಚಿನ ಪ್ರತಿ ಪಡೆಯುವಂತಾದದ್ದು ಸಣ್ಣ ಬಿಡುಗಡೆಯಲ್ಲ. ನಾಳೆ ಅದೇ ದಾಖಲೆ ಬ್ಲಾಕ್‌ಚೈನ್ ಆದಾಗ ಪ್ರತಿಗಳು ಎಲ್ಲಿರುವುವು? ಎಲ್ಲವೂ ಸರ್ಕಾರದ ಯಂತ್ರಗಳಲ್ಲಿಯೇ ಇದ್ದರೆ, ಒಂದು ಬೀಗಕ್ಕೆ ಬದಲಾಗಿ ಒಬ್ಬನೇ ನಾಲ್ಕು ಬೀಗ ಹಾಕಿದಂತಾಯಿತು. ಕೀಲಿಕೈಯೆಲ್ಲ ಅವನ ಸೊಂಟದಲ್ಲಿಯೇ.

ಇನ್ನು ನನ್ನ ಭೀತಿಯ ಮಾತು. ನನ್ನ ತಂದೆ ಕಾರ್ಕಳದ ಕಡೆಯ ಹಳ್ಳಿಯೊಂದರಲ್ಲಿ ಚಾಲಗೇಣಿಯ ಒಕ್ಕಲು. ವರ್ಷವರ್ಷವೂ ಅಕ್ಕಿಯ ಮುಡಿ ಕಟ್ಟಿ ಒಡೆಯರ ಮನೆಗೆ ಗೇಣಿ ಒಪ್ಪಿಸಿದರು, ರಶೀದಿಯೆಂಬುದನ್ನು ಕಂಡವರಲ್ಲ. ಪಹಣಿಯ ಸಾಗುವಳಿದಾರನ ಅಂಕಣದಲ್ಲಿ ಇದ್ದದ್ದು ಒಡೆಯರ ಹೆಸರೇ. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಅವರೂ ಡಿಕ್ಲರೇಶನ್ ಕೊಟ್ಟರು. ನಾನಾಗ ಚಿಕ್ಕ ಮಗು. ಮುಂದಿನದನ್ನು ಮನೆಯಲ್ಲಿ ಕೇಳಿ ಬಲ್ಲೆ. ಭೂನ್ಯಾಯಮಂಡಳಿಯ ಮುಂದೆ ನೆರೆಯ ಇಬ್ಬರು ನಿಂತು, "ಈ ಗದ್ದೆಗೆ ಕೋಣ ಕಟ್ಟಿದವರು ಇವರೇ" ಎಂದರು. ಆ ಬಾಯಿಮಾತಿನ ಮುಂದೆ ಬರೆದ ಪಹಣಿ ಸೋತಿತು. ಅದು ಕಾನೂನಿಗೆ ವಿರುದ್ಧವಾದದ್ದೂ ಅಲ್ಲ. 1964ರ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣವು ಹಕ್ಕುದಾಖಲೆಯ ನಮೂದನ್ನು ಸತ್ಯವೆಂದು ಭಾವಿಸಬೇಕೆನ್ನುತ್ತದೆ, ಆದರೆ ಬೇರೆಯದು ಸಿದ್ಧವಾಗುವ ತನಕ ಮಾತ್ರ. ಆ 'ತನಕ' ಎಂಬ ಶಬ್ದದಲ್ಲಿ ನಮ್ಮ ಮನೆ ನಿಂತಿದೆ. ಅಂದಿನ ಪಹಣಿಯೇ ಅಂತಿಮವೆಂದು ಯಂತ್ರವು ಮುದ್ರೆಯೊತ್ತಿದ್ದರೆ ನಾನು ವ್ಯಾಕರಣ ಓದುವ ಬದಲು ಎಲ್ಲಿರುತ್ತಿದ್ದೆನೋ!

ಆದುದರಿಂದ ವ್ಯಕ್ತಿಸ್ವಾತಂತ್ರ್ಯಕ್ಕೆ ಎರಡೂ ಬೇಕು: ಬಲಿಷ್ಠನು ಗುಟ್ಟಾಗಿ ಅಳಿಸಲಾಗಬಾರದು, ದುರ್ಬಲನು ಬಹಿರಂಗವಾಗಿ ತಿದ್ದಿಸಿಕೊಳ್ಳುವಂತಿರಬೇಕು. ಅಷ್ಟೇ ಅಲ್ಲ, ಕೆಲವು ಸಂಗತಿಗಳು ಎಲ್ಲರ ಪುಸ್ತಕದಲ್ಲಿ ಇರಲೇಬಾರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿಯೇ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತರು. 2023ರಲ್ಲಿ ಸಂಸತ್ತು ಮಾಡಿದ ದತ್ತಾಂಶ ರಕ್ಷಣಾ ಕಾಯಿದೆಯು ತನ್ನ ವಿವರಗಳನ್ನು ತಿದ್ದಿಸುವ, ಅಳಿಸುವ ಹಕ್ಕನ್ನು ಪ್ರಜೆಗೆ ಹೇಳಿದೆ. ರೋಗಿಯ ರೋಗವನ್ನೋ ಸಾಲಗಾರನ ಸಾಲವನ್ನೋ ಅಳಿಯದ ಸರಪಳಿಯಲ್ಲಿ ಬರೆದಿಟ್ಟ ಮೇಲೆ ಆ ಹಕ್ಕನ್ನು ಚಲಾಯಿಸುವುದು ಎಲ್ಲಿ?

ಇದನ್ನೆಲ್ಲ ಆ ಸಂಜೆ ಹೇಳಿದೆ. ಅವನು ಜಾಣ ಹುಡುಗ. "ಹಳೆಯ ಪುಟವನ್ನು ಅಳಿಸುವುದು ಬೇಡ ಮಾಷ್ಟ್ರೇ. ಅದು ತಪ್ಪೆಂದು ಹೇಳುವ ಹೊಸ ಪುಟವನ್ನು ಸೇರಿಸಬಹುದಲ್ಲ?" ಎಂದನು. ಒಪ್ಪತಕ್ಕ ಮಾತೇ. ನಮ್ಮ ತಾಯಿಯ ಹೆಸರು ಪಹಣಿಯಲ್ಲಿ ಇಂದಿಗೂ ತಪ್ಪಾಗಿದೆ. ಒಂದು ಕಚೇರಿಗೆ ಮೂರು ಸಲ ಅರ್ಜಿ ಕೊಟ್ಟಿದ್ದೇನೆ. "ಆ ಹೊಸ ಪುಟವನ್ನು ಬರೆಯುವವರು ಯಾರು? ನಾನೋ, ಕಚೇರಿಯೋ?" ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಕಡಲನ್ನು ನೋಡಿದನು.

"ಕಚೇರಿಯೇ, ಮಾಷ್ಟ್ರೇ" ಎಂದನು.