ಹಾರ ಹಾಕೋ ಮೊದಲು ಒಂದು ಲೆಕ್ಕ

ನಮ್ಮ ಪೇಟೆಯ ಹಳೇ ಕಾರಿನ ಮೇಸ್ತ್ರಿ ತೀರಿಕೊಂಡ ಮೇಲೆ ಎರಡು ದಿನದಿಂದ ಎಲ್ಲರ ಮೊಬೈಲಲ್ಲೂ ಅದೇ ಸ್ಟೇಟಸ್ಸು. ದೀಪ, ಹಾರ, ಕೈಮುಗಿದ ಚಿತ್ರ. 'ಇಂಥ ಕೈ ಮತ್ತೆ ಹುಟ್ಟಲ್ಲ' ಅಂತ ಬರೆದಿದ್ದೀರಿ. ನಾನೂ ಬರೆಯೋಕೆ ಹೋದೆ, ಬೆರಳು ಓಡಲಿಲ್ಲ. ಆ ಕೈಗೆ ಕೊಡಬೇಕಾದ ದುಡ್ಡಲ್ಲಿ ಚೌಕಾಸಿ ಮಾಡಿದವರಲ್ಲಿ ನಾನೂ ಒಬ್ಬ.

ಹೆಸರು ಹಾಕ್ತಿಲ್ಲ, ಅವರಿಗೆ ಅದು ಇಷ್ಟ ಇರಲಿಲ್ಲ. ನಿಮಗೆಲ್ಲ ಗೊತ್ತೇ ಇದೆ.

ಎಸ್ಟೇಟಿನ ಮಾರಿಸ್ ಮೈನರ್ ನೆನಪಿದೆಯಾ? 1948ರಿಂದ 1971ರವರೆಗೆ ಇಂಗ್ಲೆಂಡಿನಲ್ಲಿ ತಯಾರಾಗ್ತಿದ್ದ ಪುಟ್ಟ ಕಾರು. ಕೋಳಿಗಳು ಸೀಟಿನ ಮೇಲೆ ಮೊಟ್ಟೆ ಇಡ್ತಿದ್ದ ಗಾಡಿಯನ್ನ ಅವರು ರಸ್ತೆಗೆ ಇಳಿಸಿದ್ರು. ಅದರ ಬೋಲ್ಟು ಇಂಚಿನ ಲೆಕ್ಕದ್ದು, ನಮ್ಮ ಮಿಲಿಮೀಟರ್ ಸ್ಪ್ಯಾನರ್ ಸರಿಯಾಗಿ ಕೂರಲ್ಲ. ಬ್ಯಾಟರಿಯ ಪ್ಲಸ್ ತಂತಿ ಬಾಡಿಗೆ ಹೋಗುತ್ತೆ, ಈಗಿನ ಗಾಡಿಗೆ ಪೂರ್ತಿ ಉಲ್ಟಾ. ಗ್ಯಾಸ್ಕೆಟ್ ಸಿಗದಿದ್ರೆ ಕಾಗದದ ಹಾಳೆಯನ್ನ ಕಬ್ಬಿಣದ ಮೇಲಿಟ್ಟು, ಅಂಚಿನ ಸುತ್ತ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ತಟ್ಟಿ ಅಳತೆಗೆ ಕತ್ತರಿಸೋರು. ದೂರದ ಊರಿನವರು ಹುಡುಕಿಕೊಂಡು ಬರ್ತಿದ್ರು.

ನಾವೇನು ಹೇಳ್ತಿದ್ವಿ? 'ಅದು ಶ್ರೀಮಂತರ ಶೋಕಿ ಕಣಪ್ಪ, ನಮಗ್ಯಾಕೆ?'

ಇಲ್ಲೇ ನಾವು ತಪ್ಪಿದ್ದು. ಅಪ್ಪನ ಕಾಲದ ಮ್ಯಾಸಿ 1035 ಬಿತ್ತನೆ ಹೊತ್ತಿಗೆ ಕೈಕೊಡ್ತು. ಲಿಫ್ಟು ಎತ್ತಿದ್ರೆ ನಿಲ್ತಿರಲಿಲ್ಲ, ಕಲ್ಟಿವೇಟರ್ ತಾನಾಗೇ ಇಳಿದುಬಿಡೋದು. ಒಬ್ಬ ನೋಡಿ ಪಂಪನ್ನೇ ಬದಲಾಯಿಸಬೇಕು ಅಂದ. ಇವರು ರಾತ್ರಿ ಟಾರ್ಚ್ ಹಿಡ್ಕೊಂಡು ಬಂದು ಬಿಚ್ಚಿದ್ರು. ಒಳಗೆ ಸವೆದ ಒಂದು ಸೀಲ್ ರಿಂಗು, ಅಷ್ಟೇ. ಬೆಳಗ್ಗೆ ಹೊಲ ಹೂಡಿದೆ. ಅವರು ಕೇಳಿದ್ದು 1,800 ರೂಪಾಯಿ. ನಾನು ಕೊಟ್ಟಿದ್ದು 1,200. 'ಒಂದು ರಿಂಗಿಗೆ ಇಷ್ಟಾ?' ಅಂತ ಬೇರೆ ಅಂದೆ. ಅದೇ ವರ್ಷ ಶೋರೂಮಿನವರು ಪ್ರಿಂಟ್ ಹಾಕಿ ಕೊಟ್ಟ ಬಿಲ್ಲಿಗೆ ಕಮಕ್ ಕಿಮಕ್ ಅನ್ನದೆ ದುಡ್ಡು ಕಟ್ಟಿ ಬಂದೆ. ರಿಂಗಿಗೆ ಬೆಲೆ ಕಟ್ಟಿದೆ, ಅದನ್ನ ಕಂಡುಹಿಡಿದ ತಲೆಗೆ ಕಟ್ಟಲಿಲ್ಲ.

ಆಮೇಲೆ ಆ ಟ್ರ್ಯಾಕ್ಟರನ್ನ ಗುಜರಿಗೆ ತೂಕಕ್ಕೆ ಹಾಕಿದೆ. ಸುದ್ದಿ ತಿಳಿದು ಬಂದವರು ಖಾಲಿ ಜಾಗ ನೋಡ್ಕೊಂಡು 'ಒಂದು ಮಾತು ಹೇಳಿದ್ರೆ ನಾನೇ ತಗೋತಿದ್ದೆ' ಅಂದ್ರು. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಹಳೇ ಕಾರುಗಳ ಮುಂದೆ ನಿಂತು ಫೋಟೋ ತೆಗೆಸ್ಕೋತೀವಿ. 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂತು: 50 ವರ್ಷ ದಾಟಿ ಮೂಲ ರೂಪದಲ್ಲೇ ಇರೋ ಸ್ವಂತ ಬಳಕೆಯ ಕಾರು, ಬೈಕಿಗೆ ವಿಂಟೇಜ್ ನೋಂದಣಿ, ನಂಬರ್ ಪ್ಲೇಟಿನಲ್ಲಿ 'ವಿಎ' ಅಂತ ಗುರುತು. ಸರಿ, ಗಾಡಿಗೆ ಮರ್ಯಾದೆ ಸಿಕ್ತು. ಅದನ್ನ ಮೂಲ ರೂಪದಲ್ಲಿ ಉಳಿಸಿದ ಮನುಷ್ಯನಿಗೆ ಏನು ಸಿಕ್ತು? ಗ್ರೀಸ್ ಕೈ ನೋಡಿ ಹೆಣ್ಣು ಕೊಡಲ್ಲ ಅನ್ನೋ ಊರು ನಮ್ಮದು.

'ಕಾಲ ಬದಲಾಗಿದೆ, ಈಗ ಲ್ಯಾಪ್‌ಟಾಪ್ ಬೇಕು, ಸುತ್ತಿಗೆ ಅಲ್ಲ' ಅಂತೀರಿ. ಅರ್ಧ ನಿಜ. 2023ರಿಂದ 50 ಎಚ್‌ಪಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ನಿಯಮ ಬಿಗಿಯಾಗಿ, ಇಂಜಿನ್‌ಗೆ ಎಲೆಕ್ಟ್ರಾನಿಕ್ಸ್ ಬಂತು. ಆದ್ರೆ ಗೇರು, ಕ್ಲಚ್ಚು, ಲಿಫ್ಟು ಲ್ಯಾಪ್‌ಟಾಪಿನಿಂದ ರಿಪೇರಿ ಆಗಲ್ಲ. ಅಮೆರಿಕದ ಕೊಲರಾಡೊದಲ್ಲಿ ತಮ್ಮ ಯಂತ್ರ ತಾವೇ ರಿಪೇರಿ ಮಾಡಿಸಿಕೊಳ್ಳೋ ಹಕ್ಕಿಗೆ ರೈತರು ಹೋರಾಡಿ 2023ರಲ್ಲಿ ಕಾನೂನು ಮಾಡಿಸಿಕೊಂಡ್ರು. ನಮ್ಮಲ್ಲೂ 2022ರಲ್ಲಿ ಇದಕ್ಕೆ ಕೇಂದ್ರ ಸಮಿತಿ ಆಯ್ತು, ಕೃಷಿ ಯಂತ್ರವೂ ಪಟ್ಟಿಲಿತ್ತು. ಹಕ್ಕು ಬರಲಿ, ಬೇಕೇ ಬೇಕು. ಆದ್ರೆ ಹಕ್ಕು ಬಂದ ದಿನ ಬಿಚ್ಚಿ ನೋಡೋ ಕೈ ಊರಲ್ಲಿ ಇಲ್ಲದಿದ್ರೆ? ಮತ್ತೆ ಅದೇ ಶೋರೂಮಿನ ಬಾಗಿಲು.

ಅವರ ಜೊತೆ ಕೆಲಸ ಕಲಿತ ಹುಡುಗ ಇನ್ನೂ ಶೆಡ್ಡಿನಲ್ಲೇ ಇದ್ದಾನೆ. ಕೆಲಸ ಬರದಿದ್ರೆ ಬೆಂಗಳೂರಿಗೆ ಡೆಲಿವರಿಗೆ ಹೋಗ್ತೀನಿ ಅಂತಿದ್ದಾನೆ. ಆ ಇಂಚಿನ ಸ್ಪ್ಯಾನರುಗಳಿಗೆ ಗುಜರಿಯವನು ಆಗಲೇ ಬೆಲೆ ಕೇಳಿ ಹೋಗಿದ್ದಾನೆ. ತೂಕದ ಬೆಲೆ.

ಭಾನುವಾರ ಬೆಳಗ್ಗೆ ನಾನು ಶೆಡ್ ಹತ್ರ ಇರ್ತೀನಿ. ಹಾರ ತರಬೇಡಿ. ಹಿತ್ತಲಲ್ಲಿ ನಿಂತುಹೋದ ಟಿಲ್ಲರು, ಪಂಪು, ಜೀಪು ಏನಿದ್ರೂ ಎಳ್ಕೊಂಡು ಬನ್ನಿ. ಆ ಹುಡುಗ ಎಷ್ಟು ಕೇಳ್ತಾನೋ ಅಷ್ಟು ಕೊಡಿ. ನಾನು ಹಳೇ ಬಾಕಿ 600 ರೂಪಾಯಿಯನ್ನೂ ತರ್ತೀನಿ, ಈಗ ಕೊಟ್ರೆ ತೀರುತ್ತೆ ಅಂತಲ್ಲ.